ಅವ್ವ ಒಪ್ಪಿದ ಗೋಡೆಗೆ ಕ್ಯಾಮೆರಾ

ಗಣಪತಿ ಹಬ್ಬಕ್ಕೆ ಊರಿಗೆ ಬರುವ ಮಕ್ಕಳ ಚೀಲದಲ್ಲಿ ಈಗ ರೌಟರ್ ಇರುತ್ತದೆ, ಕ್ಯಾಮೆರಾ ಇರುತ್ತದೆ. ಬೆಳಗಾವಿಯ ಗಲ್ಲಿ ಮನೆಗೆ ಹೊಂದುವ ಲೆಕ್ಕ ಖಾನಾಪುರದ ಹೆಂಚಿನ ಮನೆಗೆ ಹೊಂದದು. ಡ್ರಿಲ್ ಹಿಡಿಯುವ ಮೊದಲು ಕೇಳಬೇಕಾದ ಮಾತೊಂದಿದೆ. ಅದನ್ನು ಕೇಳಬೇಕಾದದ್ದು ಮನೆಯಲ್ಲಿ ಉಳಿಯುವವರನ್ನು!

ಖಾನಾಪುರದಿಂದ ಜಾಂಬೋಟಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗಿರುವ ಕೆಂಪುಕಲ್ಲಿನ ಮನೆ. ಗಣಪತಿ ಕೂತ ಮರುದಿನ. ಪಡಸಾಲೆಯಲ್ಲಿ ಆರತಿ ಮುಗಿದಿದೆ. ಹೆಂಚಿನ ಅಂಚಿನಿಂದ ಮಳೆನೀರು ಇನ್ನೂ ತೊಟ್ಟಿಕ್ಕುತ್ತಿದೆ. ಪುಣೆಯಿಂದ ಬಂದ ಮಗ ಏಣಿ ಹತ್ತಿ ಹಿತ್ತಲ ಗೋಡೆಗೆ ಡ್ರಿಲ್ ಹಿಡಿದಿದ್ದಾನೆ. ಕಲ್ಲಿನ ಪುಡಿ ಕುಂಕುಮದ ಹಾಗೆ ಉದುರುತ್ತಿದೆ. ಕೆಳಗೆ ಏಣಿ ಹಿಡಿದು ನಿಂತವರು ಅವ್ವ.

“ಅಲ್ಲಿ ಬ್ಯಾಡೋ. ಅಲ್ಲಿಂದ ಬಚ್ಚಲಕ್ಕ ಹೋಗೋ ದಾರಿ ಪೂರಾ ಕಾಣಸ್ತೈತಿ.”

“ನೋಡಾಂವ ನಾನೊಬ್ಬನ ಅಲಾ ಅವ್ವಾ?”

“ನೀ ಆದ್ರೇನಾತು? ಬಚ್ಚಲಕ್ಕ ಹೋಗೂದು ಬರೂದು ನಾ ಯಾಕ ಕಾಣಸ್ಲಿ?”

ಮಗ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಇಳಿದು ಏಣಿಯನ್ನು ಮುಂದಿನ ಗೇಟಿನ ಕಡೆಗೆ ಸಾಗಿಸಿದ. ಹಿತ್ತಲ ಗೋಡೆಯಲ್ಲಿ ಅರ್ಧ ಕೊರೆದ ತೂತಿಗೆ ಅಪ್ಪ ಸಿಮೆಂಟು ಮೆತ್ತಿದರು.

ಹಬ್ಬದ ದಿನಗಳಲ್ಲಿ ಬೆಳಗಾವಿ ಸೀಮೆಯ ಮನೆ ಮನೆಯಲ್ಲೂ ಇಂಥ ಕೆಲಸ ನಡೆದಿರುತ್ತದೆ. ಬೆಂಗಳೂರು, ಪುಣೆ, ಗೋವಾ, ದುಬೈಗಳಲ್ಲಿ ದುಡಿಯುವ ಮಕ್ಕಳು ನಾಲ್ಕು ದಿನದ ರಜೆಯಲ್ಲಿ ವೈಫೈ ಹಾಕಿಸಿ, ಕ್ಯಾಮೆರಾ ಕೂರಿಸಿ, ಮೊಬೈಲಿಗೆ ಆ್ಯಪ್ ಇಳಿಸಿಕೊಂಡು ಹೊರಡುತ್ತಾರೆ. ಕಾಳಜಿ ನಿಜವಾದದ್ದು. ಆದರೆ ಬಹಳಷ್ಟು ಮನೆಗಳಲ್ಲಿ ಇಡೀ ಏರ್ಪಾಡು ದೂರದಲ್ಲಿದ್ದು ನೋಡುವವರ ಅನುಕೂಲಕ್ಕೆ ಹೊಂದಿರುತ್ತದೆ. ಅದು ಹೊಂದಬೇಕಾದದ್ದು ಅಲ್ಲೇ ಉಂಡು ಮಲಗುವ ಇಬ್ಬರಿಗೆ. ಈ ಮಾತು ಮನಸ್ಸಿನಲ್ಲಿದ್ದರೆ ಯಾವ ಸಾಮಾನು ಕೊಳ್ಳಬೇಕು, ಯಾವುದನ್ನು ಎಲ್ಲಿ ಕೂರಿಸಬೇಕು ಎಂಬ ಲೆಕ್ಕವೇ ಬದಲಾಗುತ್ತದೆ.

ಮೊದಲು ಫೋನು, ಆಮೇಲೆ ಕ್ಯಾಮೆರಾ

ಇಳಿವಯಸ್ಸಿನವರ ಮನೆಯ ಇಂಟರ್ನೆಟ್ಟಿಗೆ ಮೊದಲ ಕೆಲಸ ಮಾತು. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ಹಿಡಿದುಕೊಂಡರೆ ಅವ್ವ ಕರೆ ಮಾಡಬೇಕು, ಆ ಕರೆ ಹೋಗಬೇಕು. ಕ್ಯಾಮೆರಾದ ಮಾತೆಲ್ಲ ಅದರ ನಂತರದ್ದು.

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ದಟ್ಟ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಇಲ್ಲಿದೆ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ ಇಲ್ಲಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಂಗಳದಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಅಡುಗೆಮನೆಯಲ್ಲಿ ಸಿಗದು. ಫೈಬರ್ ತಂತಿ ತಲುಪಿದ ಊರಾದರೆ ಇದಕ್ಕೊಂದು ಸುಲಭ ಪರಿಹಾರವಿದೆ: ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಸ್ಮಾರ್ಟ್‌ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಆನ್ ಮಾಡಿದರೆ ಸಾದಾ ಕರೆಯೇ ವೈಫೈ ಮೂಲಕ ಹೋಗುತ್ತದೆ. ಹೊಸ ಆ್ಯಪ್ ಬೇಡ, ಹೊಸ ನಂಬರ್ ಬೇಡ. ಗುಂಡಿ ಒತ್ತುವ ಸಣ್ಣ ಫೋನುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅಂಥ ಫೋನನ್ನೇ ಬಯಸುವವರ ಮನೆಗೆ ದೊಡ್ಡ ಅಂಕಿಗಳ ಟೇಬಲ್ ಫೋನ್ ತಂದು ಫೈಬರ್ ಪೆಟ್ಟಿಗೆಯ ಹಿಂಬದಿಯ ಫೋನ್ ಕಿಂಡಿಗೆ ಸಿಕ್ಕಿಸಿ. ಹಳೆಯ ಲ್ಯಾಂಡ್‌ಲೈನಿನ ಹಾಗೆಯೇ ರಿಂಗಾಗುತ್ತದೆ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಆ ಫೋನು ಬದುಕಿರುತ್ತಿತ್ತು. ಫೈಬರ್ ಎಂಬುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯದು. ಮನೆಯ ಕರೆಂಟ್ ಹೋದರೆ ಪೆಟ್ಟಿಗೆ ಸಾಯುತ್ತದೆ, ಫೋನೂ ಸಾಯುತ್ತದೆ. ಮಳೆಗಾಲದಲ್ಲಿ ಹೆಸ್ಕಾಂ ಲೈನಿನ ಮೇಲೆ ಮರ ಬೀಳುವುದು ಖಾನಾಪುರದವರಿಗೆ ಹೊಸದಲ್ಲ. ಆದ್ದರಿಂದ ಈ ಪಟ್ಟಿಯಲ್ಲಿ ಮೊದಲು ಕೊಳ್ಳಬೇಕಾದ ಸಾಮಾನು ಬ್ಯಾಟರಿ.

ಲೆಕ್ಕ ಕಷ್ಟದ್ದಲ್ಲ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಸೇರಿ ಹೆಚ್ಚೆಂದರೆ 15 ವ್ಯಾಟ್. ನಾಲ್ಕು ಕ್ಯಾಮೆರಾ, ಅವುಗಳ ರೆಕಾರ್ಡರ್ ಸೇರಿದರೆ ಒಟ್ಟು 50 ವ್ಯಾಟ್ ಆಸುಪಾಸು. ಒಂದು ಹಳೆಯ ಸೀಲಿಂಗ್ ಫ್ಯಾನ್ ತಿನ್ನುವುದಕ್ಕಿಂತ ಕಡಿಮೆ. ಮನೆಯಲ್ಲಿ 150 ಆ್ಯಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದು, ಬ್ಯಾಟರಿ ಚೆನ್ನಾಗಿದ್ದರೆ ಇಷ್ಟನ್ನು ಮಾತ್ರ ಸುಮಾರು 20 ಗಂಟೆ ನಡೆಸಬಹುದು. ಇನ್ವರ್ಟರ್ ಇಲ್ಲದ ಮನೆಗೆ ರೌಟರ್ ಪಕ್ಕದಲ್ಲೇ ಕೂರುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಅದು ಫೋನನ್ನು ಕೆಲವು ಗಂಟೆ ಉಳಿಸಿಕೊಡುತ್ತದೆ.

ಇಲ್ಲೊಂದು ಪ್ರಶ್ನೆಯನ್ನು ಕೇಬಲ್‌ನವರಿಗೆ ಕೇಳಲೇಬೇಕು: “ಊರಿನ ಕರೆಂಟ್ ಹೋದರೆ ನಿಮ್ಮ ಲೈನ್ ಉಳಿಯುತ್ತದೆಯೇ?” ಎಕ್ಸ್‌ಚೇಂಜಿನಿಂದ ಮನೆಯ ತನಕ ಪೂರ್ತಿ ಫೈಬರ್ ಇದ್ದರೆ ನಡುವಿನ ಕಂಬಗಳ ಮೇಲೆ ಕರೆಂಟಿನ ಅಗತ್ಯವಿಲ್ಲ. ಗಲ್ಲಿಯ ಮೂಲೆಯ ಕಂಬದ ಡಬ್ಬಿಯಲ್ಲಿ ಸ್ವಿಚ್ ಇಟ್ಟು ಅಲ್ಲಿಂದ ಮನೆಮನೆಗೆ ತಾಮ್ರದ ತಂತಿ ಎಳೆದಿದ್ದರೆ, ಆ ಡಬ್ಬಿಯ ಬ್ಯಾಟರಿ ಮುಗಿದೊಡನೆ ನಿಮ್ಮ ಇನ್ವರ್ಟರ್ ಇದ್ದೂ ಪ್ರಯೋಜನವಿಲ್ಲ. ಅಂಥ ಹೊತ್ತಿಗೆಂದು ಅಪ್ಪನ ಮೊಬೈಲಿನಲ್ಲಿ ಬೇರೆ ಕಂಪನಿಯ ಇನ್ನೊಂದು ಸಿಮ್ ಇರಲಿ.

ಬಾಕ್ಸ್: ಮೊದಲ ಮನೆ ಕ್ಯಾಮೆರಾ ಕಟ್ಟಿದವಳು ನರ್ಸ್
ಮನೆಗೆಂದೇ ರೂಪಿಸಿದ ಮೊದಲ ಕ್ಯಾಮೆರಾ ವ್ಯವಸ್ಥೆಗೆ 1966ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಪತಿ ಆಲ್ಬರ್ಟ್ ಬ್ರೌನ್. ಪೇಟೆಂಟ್ ಸಿಕ್ಕಿದ್ದು 1969ರ ಡಿಸೆಂಬರ್ 2ರಂದು. ಬಾಗಿಲಿನ ಮೇಲಿಂದ ಕೆಳಗೆ ನಾಲ್ಕು ಇಣುಕುಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಕೋಣೆಯಲ್ಲಿ ಪರದೆ, ಹೊರಗಿನವರೊಡನೆ ಮಾತಾಡಲು ಮೈಕು, ನೆರವು ಕೋರುವ ಗುಂಡಿ. ಕ್ಯಾಮೆರಾದ ಕಣ್ಣು ಹೊರಗಡೆಗೆ, ಪರದೆ ಮನೆಯೊಳಗಿನ ಹೆಂಗಸಿನ ಎದುರಿಗೆ.

ಗೋಡೆ ಯಾವುದು, ದಾರಿ ಯಾವುದು

ಬೆಳಗಾವಿಯ ಶಹಾಪುರ, ಗಣಪತಿ ಗಲ್ಲಿ, ಖಡೇಬಜಾರ್ ಸುತ್ತಿನ ಹಳೆಯ ಮನೆಗಳ ಮುಖ ಕಿರಿದು, ಒಳಗೆ ಉದ್ದಕ್ಕೆ ಹೋಗುತ್ತವೆ. ಮುಂದಿನ ಕೋಣೆಯಲ್ಲಿ ರೌಟರ್ ಇಟ್ಟರೆ ನಡುಮನೆಯಲ್ಲಿ ಅರ್ಧ ಸಿಗ್ನಲ್, ಅಡುಗೆಮನೆಗೆ ಸೊನ್ನೆ. ದಪ್ಪ ಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ಸರಿಯಾಗಿ ದಾಟದು. 2.4 ಗಿಗಾಹರ್ಟ್ಸ್ ಹೆಚ್ಚು ದಾಟುತ್ತದೆ, ಆದರೆ ವೇಗ ಕಡಿಮೆ. ಗಲ್ಲಿಯ ಎಲ್ಲ ಮನೆಗಳ ರೌಟರುಗಳೂ ಆ ಒಂದೇ ಪಟ್ಟಿಯಲ್ಲಿ ಕೂಗುತ್ತಿರುತ್ತವೆ. ಅದರಲ್ಲಿ ಒಂದಕ್ಕೊಂದು ತಾಕದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಸುತ್ತಲಿನವರು ಕಡಿಮೆ ಬಳಸುವ ಚಾನೆಲ್ ಆರಿಸಿದರೆ ದಿನನಿತ್ಯದ ಅರ್ಧ ರಗಳೆ ಅಲ್ಲೇ ಮುಗಿಯುತ್ತದೆ.

ಖಾನಾಪುರದ ಕಡೆ ಪಕ್ಕದ ಮನೆಯ ಕಾಟವಿಲ್ಲ. ಅಲ್ಲಿನ ತೊಡಕು ಕೆಂಪುಕಲ್ಲಿನ ದಪ್ಪ ಗೋಡೆ ಮತ್ತು ಮಳೆ ತಡೆಯಲು ಸುತ್ತ ಇಳಿಬಿಟ್ಟ ತಗಡು. ತಗಡು ತರಂಗವನ್ನು ಹಿಂದಕ್ಕೆ ಹೊಡೆಯುತ್ತದೆ. ಒಳಗೆ ಎಷ್ಟು ಬಲವಾದ ರೌಟರ್ ಇಟ್ಟರೂ ತಗಡಿನಾಚೆಯ ಕೊಟ್ಟಿಗೆಗೆ ವೈಫೈ ಮುಟ್ಟದು.

ಎರಡು ಕಡೆಗೂ ಪರಿಹಾರ ಒಂದೇ. ರೌಟರಿನಿಂದ ಮನೆಯ ನಡುಭಾಗಕ್ಕೆ ಒಂದು ಕೇಬಲ್ ಎಳೆದು ಅಲ್ಲಿ ಎರಡನೇ ವೈಫೈ ಪೆಟ್ಟಿಗೆ ಕೂರಿಸಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಎಕ್ಸ್‌ಟೆಂಡರ್ ಕ್ಷೀಣ ಸಿಗ್ನಲನ್ನೇ ಹಿಡಿದು ಮುಂದೆ ದಾಟಿಸುತ್ತದೆ. ವೀಡಿಯೊ ಕಾಲ್‌ನಲ್ಲಿ ಮೊಮ್ಮಗಳ ಮುಖ ನಿಂತು ನಿಂತು ಬರುವುದು ಇದರಿಂದಲೇ.

ಕ್ಯಾಮೆರಾಗಳಿಗಂತೂ ತಂತಿಯೇ ಮೇಲು. ಒಂದೇ ಕೇಬಲಿನಲ್ಲಿ ಕರೆಂಟನ್ನೂ ಚಿತ್ರವನ್ನೂ ಸಾಗಿಸುವ ವಿಧಾನ 2003ರಲ್ಲೇ ಗಟ್ಟಿಯಾದದ್ದು. ಪ್ರತಿ ಕ್ಯಾಮೆರಾಗೂ ಬೇರೆ ಪ್ಲಗ್ ಬೇಡ, ವೈಫೈ ತುಂಡಾಗುವ ಭಯವಿಲ್ಲ. ಕೇಬಲಿನ ಉದ್ದ 100 ಮೀಟರ್ ದಾಟಬಾರದು.

ಅಂಗಡಿಯಲ್ಲಿ ಕೇಬಲ್ ಕೊಳ್ಳುವಾಗ ತುದಿಯ ಒಂದು ಎಳೆ ಬಿಚ್ಚಿ ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಕ್ಯಾಮೆರಾಗೆ ಕರೆಂಟ್ ಸಾಗಿಸುವ ಕೆಲಸಕ್ಕೆ ಅದು ಬೇಡವೇ ಬೇಡ: ಬಿಸಿಯಾಗುತ್ತದೆ, ದೂರದ ಕ್ಯಾಮೆರಾ ರಾತ್ರಿ ದೀಪ ಹೊತ್ತಿಸಿದೊಡನೆ ಬಂದ್ ಬೀಳುತ್ತದೆ. ಬೆಲೆಯ ಅಂತರ ಕಂಡು ಇಲ್ಲಿ ಕೈ ಬಿಗಿ ಹಿಡಿಯುವುದು ಬೇಡ. ಕ್ಯಾಮೆರಾ ನಾಳೆ ಬದಲಿಸಬಹುದು, ಗೋಡೆಯೊಳಗೆ ಹೂತ ತಂತಿಯನ್ನು ಬದಲಿಸುವವರು ಯಾರು?

ಮಳೆ, ಸಿಡಿಲು, ಜೇಡ

ಖಾನಾಪುರದ ಮಳೆ ಸಾಮಾನಿನ ಗುಣ ಪರೀಕ್ಷಿಸುತ್ತದೆ. ಹೊರಗಿನ ಕ್ಯಾಮೆರಾಗೆ ಐಪಿ 66 ಅಥವಾ 67 ಎಂಬ ಗುರುತು ಇರಲಿ. ಆದರೂ ನೀರು ಹೊಗುವುದು ಕ್ಯಾಮೆರಾದ ಮೈಯಿಂದಲ್ಲ, ಹಿಂದಿನ ಬಾಲದಂಥ ಜೋಡಣೆಯಿಂದ. ಗೋಡೆಯ ತೂತಿಗೆ ಹೊಗುವ ಮುನ್ನ ಕೇಬಲನ್ನು ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲೆತ್ತಿ. ಜಾರಿ ಬಂದ ಹನಿ ಆ ಜೋತಿನಲ್ಲೇ ಉದುರಿಹೋಗುತ್ತದೆ. ತೂತನ್ನು ಕೊರೆಯುವಾಗಲೇ ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿ ಕೊರೆಯಿರಿ.

ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಇನ್ನೊಂದು ಅಪಾಯ. ಬಯಲಲ್ಲಿ ಎಳೆದ ತಾಮ್ರದ ತಂತಿಯ ಮೂಲಕ ಸಿಡಿಲಿನ ಏಟು ಮನೆಯೊಳಗಿನ ರೆಕಾರ್ಡರ್, ರೌಟರ್, ಟಿವಿವರೆಗೂ ಬರಬಹುದು. ಮನೆಯಿಂದ ದೂರದ ಗೇಟಿಗೋ ಗೇರು ತೋಟದ ಕೊಟ್ಟಿಗೆಗೋ ಲೈನ್ ಬೇಕಾದರೆ ಆ ನಡುವಿನ ದಾರಿಗೆ ಕಬ್ಬಿಣದ ತಂತಿಯ ಆಧಾರವಿಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಪರಿವರ್ತಕ ಇಡಿ. ಮನೆಯ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಕೇಬಲನ್ನು ಗಟ್ಟಿ ಪೈಪಿನೊಳಗೆ ಹಾಯಿಸಿದರೆ ಇಲಿಗಳಿಂದಲೂ ಮಾಳಿಗೆ ಹತ್ತುವ ಮಂಗಗಳಿಂದಲೂ ಉಳಿಯುತ್ತದೆ.

ರಾತ್ರಿಯ ಶತ್ರು ಜೇಡ. ಕ್ಯಾಮೆರಾದ ಅತಿಗೆಂಪು ದೀಪಕ್ಕೆ ಹುಳು ಬರುತ್ತವೆ, ಹುಳುವಿಗಾಗಿ ಜೇಡ ಬಲೆ ಕಟ್ಟುತ್ತದೆ. ಲೆನ್ಸಿನ ಮುಂದೆ ಒಂದು ಎಳೆ ಅಲ್ಲಾಡಿದರೂ ಪುಣೆಯ ಮಗನ ಮೊಬೈಲ್ ರಾತ್ರಿಯಿಡೀ ಕೂಗುತ್ತದೆ. ಕ್ಯಾಮೆರಾದ ದೀಪ ಆರಿಸಿ, ಎರಡು ಮೂರು ಮೊಳ ದೂರದಲ್ಲಿ ಸಾದಾ ಎಲ್‌ಇಡಿ ದೀಪ ಹಾಕುವುದು ಉತ್ತಮ. ರಾತ್ರಿ ಎದ್ದು ಹೊರಗೆ ಬರುವ ಅಪ್ಪನಿಗೆ ಮೆಟ್ಟಿಲೂ ಕಾಣುತ್ತದೆ. ಗಾಳಿಗೆ ತೆಂಗಿನ ಗರಿ ಅಲ್ಲಾಡಿದ್ದಕ್ಕೆಲ್ಲ ಎಚ್ಚರಿಸುವ ಬದಲು ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಈಗಿನ ಬಹುತೇಕ ಕ್ಯಾಮೆರಾಗಳಲ್ಲಿದೆ.

ಕ್ಯಾಮೆರಾ ಎಷ್ಟು ಬೇಕು? ಗೇಟಿಗೆ ಒಂದು, ತಲಬಾಗಿಲಿಗೆ ಒಂದು. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪರಿಚಿತರ ಮುಖ ಗುರುತಿಸಲು ಚಿತ್ರದಲ್ಲಿ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಅದು ಏಳೂವರೆ ಮೀಟರ್ ಅಗಲದವರೆಗೆ ಮಾತ್ರ ಮುಖ ಹಿಡಿಯಬಲ್ಲದು. ಇಡೀ ಅಂಗಳವನ್ನು ಮೂಲೆಯಿಂದ ಹಿಡಿದ ಕ್ಯಾಮೆರಾದಲ್ಲಿ ಕಳ್ಳ ಒಂದು ಕಪ್ಪು ಬೊಟ್ಟು. ಗೇಟನ್ನಷ್ಟೇ ಹತ್ತಿರದಿಂದ ಹಿಡಿದದ್ದರಲ್ಲಿ ಅವನ ಮುಖವಿದೆ.

ಬಾಕ್ಸ್: ಡಿಸ್ಕಿನ ಲೆಕ್ಕ
ಎಚ್.265 ವಿಧಾನದ 2 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 2 ಎಂಬಿಪಿಎಸ್‌ನಲ್ಲಿ ನಿರಂತರ ರೆಕಾರ್ಡ್ ಮಾಡಿದರೆ ದಿನಕ್ಕೆ 21.6 ಜಿಬಿ. ಎರಡು ಕ್ಯಾಮೆರಾಗೆ 1 ಟಿಬಿ ಡಿಸ್ಕ್ 23 ದಿನ ಸಾಕು, ನಾಲ್ಕಕ್ಕೆ 11 ದಿನ. ನಾಲ್ಕನ್ನೂ ಹಗಲುರಾತ್ರಿ ಇಂಟರ್ನೆಟ್ ಮೂಲಕ ಹೊರಗೆ ಕಳಿಸಿದರೆ ತಿಂಗಳಿಗೆ 2,590 ಜಿಬಿ! ರೆಕಾರ್ಡಿಂಗ್ ಮನೆಯಲ್ಲೇ ಇರಲಿ. ರೆಕಾರ್ಡರ್ ಟಿವಿ ಪಕ್ಕದಲ್ಲಿ ಬೇಡ. ಗಾಳಿಯಾಡುವ, ಬೀಗ ಹಾಕುವ ಕಪಾಟಿನಲ್ಲಿರಲಿ.

ಯಾರು ಯಾರನ್ನು ನೋಡಬೇಕು

ಅವ್ವ ಏಣಿಯ ಕೆಳಗೆ ನಿಂತು ಹೇಳಿದ ಮಾತಿಗೆ ಈ ದೇಶದಲ್ಲಿ ಸಂವಿಧಾನದ ಬಲವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸರ್ವಾನುಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಹರೆಯದವರ ಚಿಂತೆ, ಮುದುಕರಿಗೇಕೆ ಎನ್ನುವವರು ಇದನ್ನು ನೆನೆಯಬೇಕು.

ಕೋರ್ಟಿನ ಆ ವಿಚಾರಣೆ ಸರ್ಕಾರಕ್ಕೂ ಪ್ರಜೆಗೂ ಸಂಬಂಧಿಸಿದ್ದು, ನಿಜ. ಮನೆಯೊಳಗೆ ಮಕ್ಕಳು ತಾವಾಗಿಯೇ ಪಾಲಿಸಬೇಕಾದದ್ದೂ ಅದನ್ನೇ. ಮಲಗುವ ಕೋಣೆ, ದೇವರಮನೆ, ಬಚ್ಚಲ ದಾರಿಗೆ ಕ್ಯಾಮೆರಾ ಬೇಡ. ಅಪ್ಪ ಬಿದ್ದರೆ ತಿಳಿಯಲಿ ಎಂದು ಪಡಸಾಲೆಗೆ ಹಾಕುವುದಿದ್ದರೆ ಅವರಿಬ್ಬರೂ ಬಾಯಿಬಿಟ್ಟು ಒಪ್ಪಿರಬೇಕು. ಬೇಡವೆನಿಸಿದಾಗ ಆರಿಸುವ ಸ್ವಿಚ್ಚು ಅವರ ಕೈಗೆಟುಕುವ ಎತ್ತರದಲ್ಲಿರಬೇಕು. ಅದನ್ನು ಆರಿಸಿದ್ದಕ್ಕೆ ಪುಣೆಯಿಂದ ಕಾರಣ ಕೇಳುವ ಫೋನ್ ಬರಬಾರದು. ಗಲ್ಲಿಯ ಮನೆಗಳಲ್ಲಿ ಎದುರು ಮನೆಯ ಬಾಗಿಲು ಕೈಯಳತೆಯಲ್ಲಿರುತ್ತದೆ. ಚಿತ್ರದ ಆ ಭಾಗವನ್ನು ಕಪ್ಪು ಮಾಡುವ ಸೌಲಭ್ಯ ಕ್ಯಾಮೆರಾದಲ್ಲೇ ಇದೆ, ಬಳಸಿ. ಐವತ್ತು ವರ್ಷದ ನೆರೆಹೊರೆ ಕ್ಯಾಮೆರಾದ ದೆಸೆಯಿಂದ ಕೆಡಬಾರದು.

ನೋಡಬಾರದವರು ನೋಡುವ ಅಪಾಯವೂ ಸಣ್ಣದಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡದ್ದು ಕಾರ್ಖಾನೆಯಲ್ಲಿ ಇಟ್ಟ 60ಕ್ಕೂ ಹೆಚ್ಚು ಪಾಸ್‌ವರ್ಡುಗಳನ್ನು ಒಂದೊಂದಾಗಿ ಒತ್ತಿ ನೋಡಿ. 2025ರ ಫೆಬ್ರುವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಕಳವಾಗಿ ಅಂತರ್ಜಾಲದಲ್ಲಿ ಮಾರಾಟಕ್ಕಿದ್ದುದು ಬಯಲಾಯಿತು. ಕೂರಿಸಲು ಬಂದ ಹುಡುಗ ಇಟ್ಟ ಪಾಸ್‌ವರ್ಡನ್ನು ಅವನು ಗೇಟು ದಾಟಿದೊಡನೆ ಬದಲಿಸಿ. ಕ್ಯಾಮೆರಾಗಳನ್ನು ರೌಟರಿನ ಬೇರೆ ಜಾಲಕ್ಕೆ ಹಾಕಿ, ಅಪ್ಪ ಬ್ಯಾಂಕಿನ ಆ್ಯಪ್ ತೆರೆಯುವ ಜಾಲಕ್ಕೆ ಅವು ಸೇರುವುದು ಬೇಡ. ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಗೊತ್ತುಮಾಡಿದ ಸುರಕ್ಷತಾ ಪರೀಕ್ಷೆ ದಾಟಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಗಡಿಯಲ್ಲಿ ಆ ಪ್ರಮಾಣಪತ್ರ ಕೇಳಿಯೇ ದುಡ್ಡು ಕೊಡಿ.

ಗೇಟಿಗೆ ಬಾರದ ಕಳ್ಳ

ಈ ತಾಲ್ಲೂಕಿನಲ್ಲಿ ಮನೆಯ ಸುರಕ್ಷತೆಯ ಮಾತಾಡುವವರು ಬೀಡಿ ಗ್ರಾಮವನ್ನು ಮರೆಯುವಂತಿಲ್ಲ. 2025ರ ಮಾರ್ಚ್‌ನಲ್ಲಿ, ಮಕ್ಕಳಿಲ್ಲದ, ಎಂಬತ್ತರ ಆಸುಪಾಸಿನ ದಂಪತಿ ಅಲ್ಲಿ ಪ್ರಾಣ ಕಳೆದುಕೊಂಡರು. ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿದವರು, ನಿಮ್ಮ ಹೆಸರಿನ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಹೆದರಿಸಿ ಅವರಿಂದ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಿತ್ತುಕೊಂಡಿದ್ದರು. ಗೇಟಿನಲ್ಲಿ ಎಂಟು ಕ್ಯಾಮೆರಾ ಇದ್ದರೂ ಆ ಕಳ್ಳರು ಕಾಣುತ್ತಿರಲಿಲ್ಲ.

ಅದಕ್ಕೂ ಮುಂಚೆ, 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದೇ ಕರೆಯೊಂದನ್ನು ದೇಶಕ್ಕೆ ಕೇಳಿಸಿದ್ದರು. ಆ ಕರೆ ಬಂದದ್ದು ವಿಜಯಪುರದವರಿಗೆ. ಇಂಥ ಕರೆಗಳಲ್ಲಿ ಹೆದರಿಸಲು ಬಳಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ. ಯಾವ ಪೊಲೀಸರೂ ಫೋನಿನಲ್ಲಿ ಬಂಧಿಸುವುದಿಲ್ಲ, ಹಣ ಕಟ್ಟಿಸಿಕೊಳ್ಳುವುದಿಲ್ಲ.

ಮನೆಗೆ ವೇಗದ ಇಂಟರ್ನೆಟ್ ತಂದುಕೊಟ್ಟ ಮಕ್ಕಳ ಮೇಲೆ ಈ ಬಾಗಿಲನ್ನು ಕಾಯುವ ಹೊಣೆಯೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ನಂಬರಿನ ಕರೆ ರಿಂಗಾಗದಂತೆ ಮಾಡುವ ಆಯ್ಕೆ 2023ರಿಂದ ಇದೆ. ಹೆತ್ತವರನ್ನು ಕೇಳಿ ಅದನ್ನು ಆನ್ ಮಾಡಿ. ಬ್ಯಾಂಕಿನಲ್ಲಿ ದಿನದ ವರ್ಗಾವಣೆಯ ಮಿತಿ ಇಳಿಸಿ. ಎಲ್ಲಕ್ಕಿಂತ ಮುಖ್ಯ, ಹೆದರಿಕೆಯಾದ ಕ್ಷಣದಲ್ಲಿ ನಾಚದೆ ಮಕ್ಕಳಿಗೆ ಹೇಳುವ ಸಲಿಗೆ ಇರಬೇಕು. ದುಡ್ಡು ಹೋಗಿದ್ದರೂ ಬೈಗುಳ ಬರುವುದಿಲ್ಲ ಎಂಬ ಭರವಸೆ ಬೇಕು. ಮಕ್ಕಳು ದಿನವೂ ಕ್ಯಾಮೆರಾ ನೋಡಿ ಸಮಾಧಾನಪಟ್ಟುಕೊಂಡು ಫೋನ್ ಮಾಡುವುದನ್ನೇ ಬಿಟ್ಟರೆ ಆ ಸಲಿಗೆ ಉಳಿಯದು.

ಬಾಕ್ಸ್: ರೌಟರ್ ಪಕ್ಕದ ಗೋಡೆಗೆ ಅಂಟಿಸಿ
ತುರ್ತು ನೆರವು: 112. ಸೈಬರ್ ವಂಚನೆ: 1930 (ತಡಮಾಡದೆ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು). ಹಿರಿಯರ ಸಹಾಯವಾಣಿ: 14567. ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್: 14416. ಕೆಳಗೆ ಮಕ್ಕಳ, ಪಕ್ಕದ ಮನೆಯವರ, ಲೈನ್‌ಮನ್‌ರ ಮತ್ತು ಕೇಬಲ್‌ನವರ ನಂಬರ್. ದಪ್ಪ ಪೆನ್ನಿನಲ್ಲಿ, ಅವರು ಓದುವ ಭಾಷೆಯಲ್ಲಿ: ಕನ್ನಡವಿರಲಿ, ಮರಾಠಿಯಿರಲಿ.

ರಜೆ ಮುಗಿಯುವ ಮುನ್ನ

ಹೊರಡುವ ಹಿಂದಿನ ದಿನ ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ರೌಟರಿನ ದೀಪ ಉರಿಯುತ್ತಿದೆಯೇ? ಟೇಬಲ್ ಫೋನಿನಿಂದ ಅವ್ವನೇ ನಂಬರ್ ಒತ್ತಿ ಕರೆ ಮಾಡಲಿ. ನಿನ್ನೆ ಹಾಲಿನವನು ಎಷ್ಟು ಹೊತ್ತಿಗೆ ಬಂದಿದ್ದ ಎಂದು ಅಪ್ಪನೇ ರೆಕಾರ್ಡಿಂಗ್ ತೆರೆದು ಹುಡುಕಲಿ. ನೀವು ಕೈ ಕಟ್ಟಿಕೊಂಡು ಪಕ್ಕದಲ್ಲಿರಿ. ಅವರು ತಡವರಿಸಿದ ಜಾಗವನ್ನು ಗುರುತು ಮಾಡಿಕೊಂಡು ಅಲ್ಲಿ ಚೀಟಿ ಅಂಟಿಸಿ: ‘ಇಂಟರ್ನೆಟ್ ನಿಂತರೆ ಈ ಗುಂಡಿ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿ.’

ಪಾಸ್‌ವರ್ಡುಗಳನ್ನೆಲ್ಲ ಒಂದು ಡೈರಿಯಲ್ಲಿ ಬರೆದು ಅವ್ವನ ಕೈಗೆ ಕೊಡಿ. ಬಂಗಾರ, ಮನೆಪತ್ರ ಇಡುವ ಟ್ರಂಕಿನಲ್ಲಿ ಅವರು ಅದನ್ನು ಇಟ್ಟುಕೊಳ್ಳುತ್ತಾರೆ. ಆ ಡೈರಿಯಿಂದ ಯಾವ ಯಾವ ಪಾಸ್‌ವರ್ಡ್ ನಿಮ್ಮ ಮೊಬೈಲಿಗೆ ಇಳಿಯಬೇಕೆಂಬುದನ್ನು ಅವರೇ ಹೇಳಲಿ.